ಅರಿಶಿನ ಹಚ್ಚಿದ ನೋಟಿಸು

ನನ್ನ ಹಿಟ್ಟಿನ ಗಿರಣಿ ಕೆಡವಿ ಅಲ್ಲಿ ಅಂಗಡಿ ಸಾಲು ಕಟ್ಟಿಕೊಡುತ್ತೇನೆಂದು ಬಿಲ್ಡರ್ ಚನ್ನವೀರಪ್ಪ ಕರಾರು ಮಾಡಿಸಿಕೊಂಡ. ಅದರಲ್ಲಿ ನಾನು ಓದಿದ್ದು ನನ್ನ ಹೆಸರೊಂದನ್ನೇ. ಗಿರಣಿ ಹೋಯಿತು, ಗುಂಡಿ ಬಂತು. ವರ್ಷಗಳು ಕಳೆದರೂ ಆ ಗುಂಡಿಗೆ ಇಳಿದದ್ದು ಊರ ಎಮ್ಮೆಗಳು ಮಾತ್ರ.

ಕರಾರು ರದ್ದು ಮಾಡೋಣವೆಂದರೆ ವಕೀಲರು ನಕ್ಕರು. "ನೋಟಿಸು ಬಿಲ್ಡರ್ ಕೈಗೇ ಕೊಟ್ಟರೆ ಮಾತ್ರ ಸಿಂಧು ಅಂತ ಇದೆ. ನೀವೇ ಸಹಿ ಹಾಕಿದ್ದೀರಿ."

ನೋಟಿಸು ಹಿಡಿದು ನಾನು ಹೋದಾಗಲೆಲ್ಲ ಚನ್ನವೀರಪ್ಪನ ಕಾರು ಆಫೀಸಿನ ಮುಂದೆಯೇ ಇರುತ್ತಿತ್ತು, ಸಾಹೇಬರು ಮಾತ್ರ ಊರಲ್ಲಿ ಇರುತ್ತಿರಲಿಲ್ಲ.

ಕೊನೆಗೆ ನೋಟಿಸನ್ನು ಲಗ್ನಪತ್ರಿಕೆಯ ಲಕೋಟೆಗೆ ಹಾಕಿ, ಮೂಲೆಗಳಿಗೆ ಅರಿಶಿನ ಹಚ್ಚಿ, ತಟ್ಟೆಯಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಹೋದೆ. ಮದುವೆಗೆ ಕರೆಯಲು ಬಂದವರನ್ನು ಯಾರು ವಾಪಸು ಕಳಿಸುತ್ತಾರೆ? ಚನ್ನವೀರಪ್ಪ ಚಪ್ಪಲಿ ಬಿಟ್ಟು ಹೊರಗೆ ಬಂದ, ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡ. ಬಿಚ್ಚಿ ಓದಿದ ಮೇಲೆ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಇದನ್ನ ನಾನು ತಗೊಂಡೇ ಇಲ್ಲ."

"ಕಣ್ಣಿಗೂ ಒತ್ತಿಕೊಂಡ್ರಲ್ಲ ಸ್ವಾಮಿ, ಆಫೀಸಿನವರೆಲ್ಲ ನೋಡಿದ್ರು," ಎಂದೆ.

ದಾರಿಯುದ್ದಕ್ಕೂ ನನ್ನನ್ನು ನಾನೇ ಹೊಗಳಿಕೊಂಡೆ. ಹೆಂಡತಿ ಮನೆ ಬರುವವರೆಗೂ ಕೇಳಿಸಿಕೊಂಡಳು. ಆಮೇಲೆ ತಟ್ಟೆ ತೊಳೆಯುತ್ತಾ ಕೇಳಿದಳು:

"ಇಷ್ಟೊಂದು ಬುದ್ಧಿ ಇದೆಯಲ್ಲ, ಸಹಿ ಹಾಕುವಾಗ ಅದು ಯಾರ ಮದುವೆಗೆ ಹೋಗಿತ್ತು?"