ಹಂದುಜನ ತಲೆ ಮೇಲಿನ ನಕ್ಷತ್ರ

ಇಂಗ್ಲಿಷ್, ಜರ್ಮನ್ ಭಾಷೆಗಳ ಮುತ್ತಜ್ಜಿ, ಅಂದರೆ ಅವುಗಳ ಮೂಲಭಾಷೆ, ಕೈ ಅನ್ನೋದಕ್ಕೆ 'ಹಂದುಜ್' ಅಂತಿದ್ದಳಂತೆ. ಬರೆದಿಟ್ಟದ್ದು ಎಲ್ಲೂ ಇಲ್ಲ. ಮಕ್ಕಳ ಮೂತಿ ನೋಡಿ ಅಪ್ಪನ ಮೂತಿ ಊಹಿಸಿದ ಹಾಗೆ, ಈಗಿನ 'ಹ್ಯಾಂಡ್'ನಂಥ ಪದಗಳನ್ನು ನೋಡಿ ಪಂಡಿತರು ಊಹಿಸಿದ್ದು. ಅದಕ್ಕೇ ನಿಘಂಟಿನಲ್ಲಿ ಹಂದುಜನ ತಲೆ ಮೇಲೊಂದು ನಕ್ಷತ್ರ (*).

"ಏನಯ್ಯಾ, ಪೊಲೀಸ್ ಸಾಹೇಬರ ಹಾಗೆ ನಕ್ಷತ್ರ!" ಎಂದಿತು ಪುಸ್ತಕದ ಹುಳ.

"ಅಣಕಿಸಬೇಡ," ಎಂದ ಹಂದುಜ. "ನಾನು ಇದ್ದೆನೋ ಇಲ್ಲವೋ ಅನ್ನೋ ಅನುಮಾನದ ಗುರುತು ಅದು. ನನ್ನ ಅಪ್ಪ ಯಾರೋ, ಅದೂ ಗೊತ್ತಿಲ್ಲ. ಈ ನಕ್ಷತ್ರವನ್ನು ತಿಂದುಬಿಡು ಮಾರಾಯ, ನಿಜವಾದ ಪದ ಆಗ್ತೀನಿ."

ಹುಳ ತಿಂದಿತು. ತೂತು ಹಾಳೆಯ ಆಚೆ ಬದಿಗೂ ಬಿತ್ತು. ಅಲ್ಲಿದ್ದ 'ಹ್ಯಾಂಡ್' ಮುಂತಾದ ಅವನ ಮಕ್ಕಳ ಹೆಸರೆಲ್ಲ ಹೋಯಿತು. ಅವನಿಗಿದ್ದ ಸಾಕ್ಷಿ ಅವರಷ್ಟೇ.

ಮರುದಿನ ಪಂಡಿತರು "ಇದಕ್ಕೆ ಆಧಾರವೇ ಇಲ್ಲವಲ್ಲ" ಎಂದು ಹಂದುಜನನ್ನು ಗೀಚಿಹಾಕಿದರು. ಹಂದುಜ್ ಅಂದರೆ ಕೈ; ಗೀಚಿದ್ದೂ ಕೈಯೇ.