ಸೌಟೂ ಪಾರ್ಸೆಲ್ ಡಬ್ಬಿಯೂ

ಫೋನಿನಲ್ಲಿ ತರಿಸಿದ ಊಟದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಬಂದು ಕೂತದ್ದನ್ನು ಕಂಡು, ಮೊಳೆಗೆ ತೂಗುತ್ತಿದ್ದ ಹಿತ್ತಾಳೆ ಸೌಟು ಸಿಡುಕಿತು.

"ಏನಯ್ಯಾ ಪ್ಲಾಸ್ಟಿಕ್ಕು, ನನ್ನ ಸಾರಿಗಿಲ್ಲದ ರುಚಿ ನಿನ್ನದರಲ್ಲೇನಿದೆ?"

"ಏನೂ ಇಲ್ಲ, ಸೌಟಮ್ಮ. ನನ್ನ ಸಾರು ಆರಿಹೋಗಿದೆ. ಉಪ್ಪೂ ಒಂದು ಕಲ್ಲು ಹೆಚ್ಚು."

"ಮತ್ತೆ ಸುಗಂಧಮ್ಮ ನಿನ್ನನ್ನು ಕರೆಸಿದ್ದೇಕೆ? ಈ ಮನೆಯಲ್ಲಿ ಎಲ್ಲರಿಗೂ ಬಡಿಸಿದವಳು ನಾನು."

"ಎಲ್ಲರಿಗೂ ಸರಿ. ಅವಳಿಗೆ ಏನು ಬಡಿಸಿದೆ?"

ಸೌಟು ನೆನಪು ಮಾಡಿಕೊಂಡಿತು. ಗಂಡ, ಮಕ್ಕಳು, ನೆಂಟರು ಎದ್ದುಹೋದ ಮೇಲೆ ಅವಳಿಗಾಗಿ ತಾನು ಪಾತ್ರೆಯ ತಳ ಕೆರೆದ ಸದ್ದು ಮಾತ್ರ ನೆನಪಿಗೆ ಬಂತು. ಅದನ್ನೂ ಅವಳು ಒಲೆಯ ಬಳಿ ನಿಂತೇ ಉಣ್ಣುತ್ತಿದ್ದಳು.

"ನನ್ನ ಮೇಲೆ ಅವಳ ಹೆಸರು ಬರೆದಿದೆ" ಎಂದಿತು ಡಬ್ಬಿ, ಮೆಲ್ಲಗೆ.

ಅಷ್ಟರಲ್ಲಿ ಸುಗಂಧಮ್ಮ ಬಂದಳು. ಆ ಹೆಸರನ್ನೊಮ್ಮೆ ಓದಿ, ಡಬ್ಬಿಯನ್ನು ಎತ್ತಿಕೊಂಡು ಹೋಗಿ ಊಟದ ಮೇಜಿನ ಮುಂದೆ ಕೂತಳು. ಅವಳು ಕೂತು ಉಣ್ಣುವುದನ್ನು ಸೌಟು ಕಂಡದ್ದು ಅಂದೇ ಮೊದಲು. 'ಇನ್ನೊಂದು ಚೂರು ಹಾಕಲೇ?' ಎಂದು ಕೇಳುವ ಆಸೆ ಅದರ ಗಂಟಲವರೆಗೂ ಬಂತು. ಆದರೆ ಅದಕ್ಕೆ ತನ್ನನ್ನು ಹಿಡಿದು ಅವಳಿಗೆ ಬಡಿಸುವ ಇನ್ನೊಂದು ಕೈ ಬೇಕಿತ್ತು. ಆ ಕೈಗಾಗಿ ಅದು ಮೊಳೆಯ ಮೇಲೆ ಇನ್ನೂ ಕಾಯುತ್ತಿದೆ.