ಹಲ್ಲಿಗೆ ಅರ ಹಾಕಿದವನು

ಶಿಷ್ಯ ಮರುಳಪ್ಪ ಕೇಳಿದ: "ಬುದ್ಧಿ, ನನಗೂ ನನ್ನ ತಮ್ಮ ಹಾಲಪ್ಪನಿಗೂ ನಡುವೆ ಹಳೆಯ ಮನಸ್ತಾಪಗಳು ನಾಲ್ಕಾರಿವೆ. ನಾಳೆ ಹಿರಿಯರನ್ನು ಕೂರಿಸಿ, ಒಂದೊಂದನ್ನೂ ಎತ್ತಿ ಆಡಿ, ಚೊಕ್ಕ ಮಾಡಿಕೊಳ್ಳಬೇಕೆಂದಿದ್ದೇನೆ. ಸರಿಯಲ್ಲವೆ?"

ಗುರು ನಿರ್ವಾಣಯ್ಯ ಅಂಗೈಯ ದಡ್ಡುಗಳನ್ನು ಉಜ್ಜಿಕೊಳ್ಳುತ್ತ ನಕ್ಕರು. ಮಠಕ್ಕೆ ಬರುವ ಮೊದಲು ಅವರು ಏನಾಗಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ.

"ಒಂದು ಕತೆ ಹೇಳುತ್ತೇನೆ, ಕೇಳು. ಇದರಲ್ಲಿ ಒಂದೊಂದು ಮಾತೂ ನಿಜ. ಸುಳ್ಳಾದರೆ ನನ್ನ ಮೂವತ್ತೆರಡು ಹಲ್ಲೂ ಈ ಜಗಲಿಯ ಮೇಲೆ ಉದುರಲಿ."

ಒಂದೂರಲ್ಲಿ ಒಬ್ಬ ಸೌದೆ ಒಡೆಯುವವನಿದ್ದ. ಅವನ ಮುಂದಿನ ಹಲ್ಲೊಂದು ಸುತ್ತ ಏಳು ಊರಿಗೆ ಹೆಸರಾಗಿತ್ತು. ಎರಡು ಪಲ್ಲದ ಜೋಳದ ಚೀಲವನ್ನು ಆ ಹಲ್ಲಿನಲ್ಲಿ ಕಚ್ಚಿ ಎತ್ತಿ ಊರು ಸುತ್ತುತ್ತಿದ್ದ. ಒಮ್ಮೆ ಚೀಲದ ಮೇಲೆ ಗೌಡರ ಬೆಕ್ಕು ಮಲಗಿತ್ತು. ಅವನು ಮೂರು ಸುತ್ತು ಬಂದರೂ ಬೆಕ್ಕಿಗೆ ಎಚ್ಚರವಾಗಲಿಲ್ಲ. ಅಷ್ಟು ಹದವಾದ ಹಿಡಿತ.

ಒಂದು ಬೆಳಿಗ್ಗೆ ಕ್ಷೌರಿಕ ಗಡ್ಡ ಹೆರೆದು ಕನ್ನಡಿ ಹಿಡಿದ. ಬಿಸಿಲು ಹಲ್ಲಿನ ಮೇಲೆ ಬಿತ್ತು. ಸೌದೆಯವನು ಕನ್ನಡಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹಲ್ಲಿನ ಮೈಮೇಲೆ ಕೂದಲೆಳೆಯಂಥ ಬಿರುಕುಗಳಿದ್ದವು.

"ಇದು ಯಾವಾಗ ಬಂತೋ?"

"ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಲ್ಲಣ್ಣಾ," ಎಂದ ಕ್ಷೌರಿಕ. "ಎಲ್ಲರ ಹಲ್ಲಲ್ಲೂ ಇರುತ್ತೆ. ನೀನು ಸೌದೆ ಒಡೆಯೋನು, ನಿನಗೆ ನಾನು ಹೇಳಿಕೊಡಬೇಕಾ? ಬಿದಿರಿಗೆ ಒಂದು ಏಟು ಹಾಕಿದರೆ ತುದಿಯಿಂದ ಬುಡದವರೆಗೂ ಸೀಳುತ್ತೆ. ಅದರ ನಾರೆಲ್ಲ ನೆಟ್ಟಗೆ. ಹುಣಸೆ ಕೊರಡು ಸೀಳುತ್ತಾ? ಅದರ ನಾರು ಒಂದಕ್ಕೊಂದು ಅಡ್ಡ ಹೆಣೆದಿದೆ. ಬಿರುಕು ಹೊರಟರೂ ನೇರ ದಾರಿ ಸಿಗದೆ ಅಲ್ಲೇ ನಿಂತುಬಿಡುತ್ತೆ. ಹಲ್ಲಿನ ಮೇಲ್ಪದರವೂ ಹಾಗೇ. ನೀನು ಇಷ್ಟು ದಿನ ಚೀಲ ಎತ್ತಿದ್ದು ಈ ಬಿರುಕುಗಳ ಸಮೇತವೇ. ಸುಮ್ಮನೆ ಬಿಡು."

ಸುಮ್ಮನೆ ಬಿಡುವ ಜಾತಿಯಲ್ಲ ಅವನು. ಏಳು ಊರಿಗೆ ಹೆಸರಾದ ಹಲ್ಲಿನಲ್ಲಿ ಗೀರೆಂದರೇನು? ಉಣ್ಣುವಾಗ ಅದೇ ಚಿಂತೆ, ಕೊಡಲಿ ಎತ್ತಿದಾಗಲೂ ಅದೇ ಚಿಂತೆ. ಕೊನೆಗೆ ಗರಗಸ ಹರಿತ ಮಾಡುವ ಸಣ್ಣ ಅರ ತಂದ. ಕನ್ನಡಿಯ ಮುಂದೆ ಕೂತು ಹಲ್ಲನ್ನು ಉಜ್ಜತೊಡಗಿದ.

ಒಂದು ಗೀರು ಹೋಯಿತು. ಅದರಡಿಯಲ್ಲಿ ಇನ್ನೊಂದು ಕಂಡಿತು. ಅದನ್ನೂ ಉಜ್ಜಿದ. ಹೆಂಡತಿ, "ಇನ್ನೂ ಏನಿದೆ ಅಂತ ಉಜ್ಜುತ್ತೀರಿ?" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಹುಡುಕುವವನಿಗೆ ಗೀರು ಸಿಗುತ್ತಲೇ ಇತ್ತು. ಎಂಟನೆಯ ದಿನ ಹಲ್ಲು ನುಣ್ಣಗಾಯಿತು. ಒಂದು ಗೀರೂ ಉಳಿಯಲಿಲ್ಲ. ಅವನು ಊರಿಗೆಲ್ಲ ಬಾಯಿ ತೆರೆದು ತೋರಿಸಿ ಬಂದ.

ಒಂಬತ್ತನೆಯ ದಿನ ತಣ್ಣೀರು ಕುಡಿದ. ನೆತ್ತಿಯವರೆಗೆ ಜುಮ್ಮೆಂದಿತು. ಹತ್ತನೆಯ ದಿನ ಚೀಲ ಎತ್ತಲಿಲ್ಲ, ತೆಂಗಿನಕಾಯಿ ಸುಲಿಯಲಿಲ್ಲ. ಬೇಯಿಸಿದ ಶೇಂಗಾ ಕಚ್ಚಿದ. ಹಲ್ಲು ಎರಡು ಹೋಳಾಗಿ ಅರ್ಧ ಅಂಗೈಗೆ ಬಿತ್ತು.

ಅದನ್ನು ಹಿಡಿದುಕೊಂಡು ಕ್ಷೌರಿಕನ ಬಳಿಗೆ ಓಡಿದ. "ಇದು ಮತ್ತೆ ಬೆಳೆಯುತ್ತಾ?"

ಕ್ಷೌರಿಕ ಹೋಳನ್ನು ಬಿಸಿಲಿಗೆ ಹಿಡಿದು ನೋಡಿದ. "ಹೆರೆದ ಗಡ್ಡ ಬೆಳೆಯುತ್ತೆ, ಕತ್ತರಿಸಿದ ಉಗುರು ಬೆಳೆಯುತ್ತೆ. ಈ ಪದರ ಮಾತ್ರ ಒಂದೇ ಸಲ ಕೊಡೋದಣ್ಣಾ," ಎಂದ.

ಆ ಮೇಲೆ ಸೌದೆಯವನು ಎಷ್ಟೋ ವರ್ಷ ಬದುಕಿದ. ಅವನ ನಾಲಿಗೆ ದಿನಕ್ಕೆ ನೂರು ಸಲ ಆ ಖಾಲಿ ಜಾಗಕ್ಕೆ ಹೋಗುತ್ತಿತ್ತು. ಪ್ರತಿಸಲವೂ ಅಲ್ಲಿ ಏನೂ ಇಲ್ಲವೆಂದು ಹೊಸದಾಗಿ ತಿಳಿದುಕೊಂಡು ಹಿಂದಕ್ಕೆ ಬರುತ್ತಿತ್ತು.

ಗುರು ಕತೆ ನಿಲ್ಲಿಸಿದರು. ಮರುಳಪ್ಪ ತಡೆಯಲಾರದೆ ಅವರ ಬಾಯಿಯನ್ನೇ ನೋಡಿದ. ಗುರು ಅಗಲವಾಗಿ ಬಾಯಿ ತೆರೆದು ತೋರಿಸಿದರು. ಮೂವತ್ತೆರಡೂ ಇದ್ದವು.

"ಹಾಗಾದರೆ ಆ ಸೌದೆಯವನು ತಾವಲ್ಲ ಬುದ್ಧಿ?"

ಗುರುಗಳ ನಗೆ ಅಲ್ಲಿಗೆ ನಿಂತಿತು. ಅವರು ಅಂಗೈಯ ದಡ್ಡುಗಳನ್ನು ನೋಡಿಕೊಂಡರು.

"ನಾನೇ ಮರುಳಪ್ಪ, ಕತೆಯಲ್ಲಿ ಸಣ್ಣದೊಂದು ಸುಳ್ಳು ಬೆರೆಸಿದೆ ಅಷ್ಟೆ: ಎಂಟು ದಿನ ಹಿರಿಯರ ಮುಂದೆ ಕೂರಿಸಿ ನಾನು ಉಜ್ಜಿದ್ದು ಹಲ್ಲನ್ನಲ್ಲ, ನನ್ನ ತಮ್ಮನನ್ನು."